ಕಾರ್ ಬ್ಯಾಟ್ಲರ್ ಜೋ: ಕವಿ, ಕಾಲ, ರಥ ವಿಚಾರ

ಒಂದು ಕೃತಿಯನ್ನು ಯಾರೂ ಓದಿಲ್ಲವೆಂದರೆ ಸಂಶೋಧಕನಿಗೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಏನು ಹೇಳಿದರೂ ನಡೆಯುತ್ತದೆ. ಜಪಾನಿನಲ್ಲಿ 2001ರಲ್ಲಿಯೂ ಅಮೆರಿಕದಲ್ಲಿ 2002ರಲ್ಲಿಯೂ ಪ್ರಕಟವಾದ, ಗೇಮ್ ಬಾಯ್ ಅಡ್ವಾನ್ಸ್ ಎಂಬ ಆಟದ ಅಂಗೈಯಂತ್ರದಲ್ಲಿ ಪಠಿಸಬಹುದಾದ ‘ಕಾರ್ ಬ್ಯಾಟ್ಲರ್ ಜೋ’ ಅಂಥ ಭಾಗ್ಯನಿಧಿ. ಜಪಾನೀ ಪಾಠದ ಶೀರ್ಷಿಕೆ ‘ಗೋ’ ಎಂದು ಮುಗಿದರೆ ಅಮೆರಿಕದ ಪಾಠದ್ದು ‘ಜೋ’ ಎಂದು ಮುಗಿಯುತ್ತದೆ. ಇದು ಲಿಪಿಕಾರನ ಪ್ರಮಾದವಲ್ಲ, ವ್ಯಾಪಾರಿಯದು; ಆದ್ದರಿಂದ ಮುಂದಕ್ಕೆ ಹೋಗೋಣ.

ಮೊದಲು ಕವಿವಿಚಾರ. ಕೃತಿಯನ್ನು ರಚಿಸಿದ್ದು ಏನ್ಷಂಟ್ ಎಂಬ ಸಂಸ್ಥೆ. ಆಟಗಳಿಗೆ ಸಂಗೀತ ಕೊಟ್ಟು ಹೆಸರಾದ ಯೂಜೊ ಕೊಶಿರೊ 1990ರಲ್ಲಿ ತಾಯಿ, ತಂಗಿಯರನ್ನು ಕೂಡಿಕೊಂಡು ಕಟ್ಟಿದ್ದು ಅದು, ಯಜಮಾನಿಕೆ ತಾಯಿಯದು. ಕಥಾನಾಯಕ ಜೋನ ತಂದೆಯಾದರೋ ನಾಪತ್ತೆ, ಅವನನ್ನು ಹುಡುಕುವುದೇ ಕಥೆ. ತಾಯಿ ನಡೆಸುವ ಮನೆಯಿಂದ ತಂದೆ ಕಾಣೆಯಾದ ಕಾವ್ಯ ಹೊರಟಿತೆಂಬುದರ ಮೇಲೆ ಮನೋವಿಶ್ಲೇಷಕರು ಎರಡು ವಿಚಾರ ಸಂಕಿರಣ ನಡೆಸಬಹುದು. ಊಟದ ವ್ಯವಸ್ಥೆಯಿದ್ದರೆ ಮೂರು.

ಆಶ್ರಯದಾತರ ವಿಷಯ ಇನ್ನೂ ಸ್ವಾರಸ್ಯಕರ. ಜಪಾನಿನಲ್ಲಿ ಪ್ರಕಟಿಸಿದ್ದು ವಿಕ್ಟರ್ ಇಂಟರ್‌ಆ್ಯಕ್ಟಿವ್, ಅಮೆರಿಕದಲ್ಲಿ ನಾಟ್ಸುಮೆ. ಎರಡಕ್ಕೂ ಹೆಸರು ತಂದದ್ದು ‘ಹಾರ್ವೆಸ್ಟ್ ಮೂನ್’ ಎಂಬ ಬೇಸಾಯದ ಆಟ. ಟರ್ನಿಪ್ ಗಡ್ಡೆ ಬೆಳೆದು, ಹಸುವಿನ ಮೈ ತಿಕ್ಕಿ, ಊರ ಹುಡುಗಿಗೆ ಹೂ ಕೊಡುವ ಸಾಧುಸಂಸಾರವದು. ಅಂಥ ರೈತರ ಮನೆಯ ಕಣಜದಿಂದ ಫಿರಂಗಿ ಹೊತ್ತ ಕಾರು ಹೊರಬಂದರೆ ಊರವರು ಅನುಮಾನದಿಂದ ನೋಡದೆ ಇರುತ್ತಾರೆಯೇ? ಕೃತಿಯ ಅಜ್ಞಾತವಾಸಕ್ಕೆ ಇದೊಂದು ಕಾರಣವೆಂದು ನಮ್ಮ ಊಹೆ. ಅದೇ 2002ರಲ್ಲಿ ಅದೇ ಯಂತ್ರಕ್ಕೆ ‘ಮೆಟ್ರಾಯ್ಡ್ ಫ್ಯೂಷನ್’ ಬಂದದ್ದೂ ಒಂದು ಕಾರಣ ಇರಬಹುದು. ಆದರೆ ಅದು ಎಲ್ಲರೂ ಒಪ್ಪುವ ಮಾತಾದ್ದರಿಂದ ಪ್ರಬಂಧಕ್ಕೆ ಉಪಯೋಗವಿಲ್ಲ.

ಇನ್ನು ಪ್ರಕಾರನಿರ್ಣಯ. ಊರೊಳಗೆ ಜೋ ಕಾಲ್ನಡಿಗೆಯಲ್ಲಿ ತಿರುಗುತ್ತಾನೆ, ಕಂಡವರನ್ನು ಮಾತನಾಡಿಸುತ್ತಾನೆ, ಅಂಗಡಿಗೆ ಹೋಗುತ್ತಾನೆ, ಕೆಲಸ ಒಪ್ಪಿಕೊಳ್ಳುತ್ತಾನೆ. ಊರಾಚೆ ಹೋದನೆಂದರೆ ಗಾಡಿ, ಗುಂಡು, ಹೊಗೆ. ಇದು ವಾಹನಯುದ್ಧವೋ ಪಾತ್ರಾಭಿನಯದ ಆಟವೋ ಎಂದು ಹೊರನಾಡಿನ ವಿಮರ್ಶಕರು ತಿಣುಕುತ್ತಾರೆ. ಗದ್ಯವೂ ಪದ್ಯವೂ ಬೆರೆತದ್ದಕ್ಕೆ ಏನನ್ನುವುದೆಂದು ಹತ್ತನೆಯ ಶತಮಾನದಲ್ಲೇ ಪಂಪನ ಓದುಗರಿಗೆ ಗೊತ್ತಿತ್ತು. ನಡಿಗೆ ಗದ್ಯ, ಸವಾರಿ ಪದ್ಯ, ಒಟ್ಟಿಗೆ ಚಂಪೂ. ಅಂಗಡಿಯವನ ಗದ್ಯ ಕೊಂಚ ದೀರ್ಘವಾಯಿತೆಂದು ಅನ್ನಿಸಿದರೆ, ಚಂಪುವಿನಲ್ಲಿ ಅದು ದೋಷವಲ್ಲ, ಸಂಪ್ರದಾಯ.

ಪ್ರಬಂಧದ ಜೀವಾಳವಿರುವುದು ರಥವಿಚಾರದಲ್ಲಿ. ಕುರುಕ್ಷೇತ್ರದ ರಥಕ್ಕೆ ಇಬ್ಬರು ಬೇಕಾಗಿತ್ತು. ಬಿಲ್ಲು ಹಿಡಿಯುವವನು ಒಬ್ಬ, ಹಗ್ಗ ಹಿಡಿಯುವವನು ಇನ್ನೊಬ್ಬ. ಜೋ ಒಂದೇ ದೇಹದಲ್ಲಿ ರಥಿಕನೂ ಹೌದು, ಸಾರಥಿಯೂ ಹೌದು; ಎಡ ಹೆಬ್ಬೆರಳು ಕೃಷ್ಣ, ಬಲ ಹೆಬ್ಬೆರಳು ಅರ್ಜುನ. ಇವೆರಡರ ನಡುವೆ ಸಂವಾದಕ್ಕೆ ಅವಕಾಶವೇ ಇಲ್ಲದ್ದರಿಂದ ಕೃತಿಯಲ್ಲಿ ಗೀತೆಯಿಲ್ಲ. ಹದಿನೆಂಟು ಅಧ್ಯಾಯ ಉಳಿತಾಯ. ಶಲ್ಯನಂಥ ಸಾರಥಿ ಕಿವಿಯ ಬಳಿ ಕೂತು ಹೀಯಾಳಿಸುವ ತೊಂದರೆಯೂ ಇಲ್ಲ, ಪಕ್ಕದಲ್ಲಿ ಅಣ್ಣನೋ ತಮ್ಮನೋ ಕೂತು ನೋಡುತ್ತಿದ್ದರೆ ಹೊರತು.

ರಣರಂಗ ದೋಸೆಕಲ್ಲಿನಂತೆ ಚಪ್ಪಟೆ. ಒಂದು ಬಿಡಿ ಚಿತ್ರವನ್ನು ತಿರುಗಿಸಿ, ಹಿಗ್ಗಿಸಿ, ದಿಗಂತದವರೆಗೆ ಹಾಸಿದ ನೆಲವೆಂದು ಕಣ್ಣಿಗೆ ನಂಬಿಸುವ ವಿದ್ಯೆ ಈ ಯಂತ್ರಕ್ಕೆ ಕರಗತ. ನೀವು ಎದುರಾಳಿಯ ಬೆನ್ನಿಗೆ ಬೀಳಲು ವಾಲುತ್ತೀರಿ, ಅವನೂ ನಿಮ್ಮ ಬೆನ್ನಿಗೇ ಬೀಳಲು ವಾಲುತ್ತಾನೆ; ಇಬ್ಬರೂ ಒಂದೇ ಸಮನೆ ಪ್ರದಕ್ಷಿಣೆ. ಸೂಕ್ಷ್ಮವಾಗಿ ನೋಡಿದರೆ ನಿಮ್ಮ ಗಾಡಿ ತೆರೆಯ ನಡುವೆ ನಿಂತಲ್ಲೇ ನಿಂತಿದೆ, ಗಿರಗಿರನೆ ಸುತ್ತುತ್ತಿರುವುದು ಭೂಮಿ. ಆರ್ಯಭಟ ಇದ್ದಿದ್ದರೆ ಖುಷಿಪಡುತ್ತಿದ್ದ. ಎದುರಾಳಿ ಸಿಡಿದಾಗ ಉದುರುವ ಸಾಮಾನನ್ನು ಆಯ್ದು ತಂದು, ಮುಂದಿನ ಗಾಡಿಗೆ ಜೋಡಿಸಬೇಕು. ಹದಿನೆಂಟು ದಿನ ಮುರಿದ ಅಷ್ಟೊಂದು ರಥಗಳ ಗುಜರಿ ಯಾರ ಪಾಲಾಯಿತೆಂದು ವ್ಯಾಸರು ಹೇಳಲಿಲ್ಲ; ಆ ಕೊರತೆಯನ್ನು ಈ ಕೃತಿ ತುಂಬಿದೆ.

ಧರ್ಮಯುದ್ಧದ ನಿಯಮಪಾಲನೆಯನ್ನೂ ಗಮನಿಸಬೇಕು. ಈ ಯಂತ್ರದ ತೆರೆಗೆ ಒಳಬೆಳಕಿರಲಿಲ್ಲ. ಆದ್ದರಿಂದ ಕಿಟಕಿಯ ಬಿಸಿಲು ಸರಿದಂತೆ ಕುರ್ಚಿಯೂ ಸರಿಯಬೇಕು, ಸೂರ್ಯಾಸ್ತಕ್ಕೆ ಶಸ್ತ್ರ ಕೆಳಗಿಡಬೇಕು. 2003ರಲ್ಲಿ ದೀಪವಿರುವ ಎಸ್‌ಪಿ ಮಾದರಿ ಬಂತು. ದ್ರೋಣಪರ್ವದಲ್ಲಿ ದೀವಟಿಗೆ ಹಿಡಿದು ರಾತ್ರಿಯಿಡೀ ಹೊಡೆದಾಡಿದಂತೆ ಮಕ್ಕಳು ಹೊದಿಕೆಯೊಳಗೆ ಹೊಡೆದಾಡತೊಡಗಿದರು. ಅಧರ್ಮದ ಕಾಲನಿರ್ಣಯ ಇಷ್ಟು ಖಚಿತವಾಗಿ ಬೇರಾವ ಪುರಾಣದಲ್ಲೂ ಸಿಕ್ಕಿಲ್ಲ.

ಹಳೆಯ ಮಾದರಿಯ ಭಕ್ತರಿಗೆ ಕಾದಿರುವುದು ಕರ್ಣನ ಗತಿ. ಗೆಲುವು ಇನ್ನೇನು ಕೈಗೆ ಬಂತೆನ್ನುವಾಗ ಯಂತ್ರದ ಹಸಿರು ದೀಪ ಕೆಂಪಾಗುತ್ತದೆ. ಗಾಲಿ ಹೂತಿತು. ಸ್ವಲ್ಪ ತಡೆಯೆಂದರೆ ಎದುರಾಳಿ ಕೇಳನು. ಯಂತ್ರಕ್ಕೆ ಪೆನ್ ಟಾರ್ಚಿನ ಅಳತೆಯ ಎರಡು ಸೆಲ್ಲು ಬೇಕು. ಟಿ.ವಿ. ರಿಮೋಟಿನವು ಬಡಕಲು, ಕೂರುವುದಿಲ್ಲ. ಗೋಡೆ ಗಡಿಯಾರದ್ದು ಸರಿಯಾಗಿ ಕೂರುತ್ತದೆ, ಆದರೆ ಒಂದು ಗಡಿಯಾರದಲ್ಲಿರುವುದು ಒಂದೇ. ಹಜಾರದ ಗಡಿಯಾರ ಈಗಾಗಲೇ ಸಂಶೋಧನೆಗೆ ಅರ್ಪಿತವಾಗಿದೆ. ಅಡುಗೆಮನೆಯದನ್ನು ಮುಟ್ಟಕೂಡದೆಂದು ಮನೆಯವರ ಶಾಸನವಿರುವುದರಿಂದ ಪ್ರಬಂಧದ ಉತ್ತರಾರ್ಧ ಸದ್ಯಕ್ಕೆ ಅಲಭ್ಯ.