ಹೆಗ್ಗಣರಾಯರಿಗೊಂದು ಮನವಿ

ಇವರಿಗೆ:
ಶ್ರೀ ಹೆಗ್ಗಣರಾಯರು ಮತ್ತು ಇಲಿ ಬಂಧುಬಳಗ,
ರಾಜಕಾಲುವೆ, ಬೆಂಗಳೂರು

ವಿಷಯ: ರೋಗ ವಿತರಣೆಯಲ್ಲಿ ಆಗುತ್ತಿರುವ ತಾರತಮ್ಯ ಸರಿಪಡಿಸುವ ಬಗ್ಗೆ

ಮಾನ್ಯರೇ,

ಈ ಊರು ತಮ್ಮ ಕುಲಕ್ಕೆ ಋಣಿ. 1898ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಇಲ್ಲಿ ಬಂದಿಳಿಯಿತು. ಕಚ್ಚಿದ್ದು ಚಿಗಟ, ಕೊಂದಿದ್ದು ಬ್ಯಾಕ್ಟೀರಿಯಾ, ಹೆಸರು ಕೆಟ್ಟಿದ್ದು ಮಾತ್ರ ತಮ್ಮ ದಾಯಾದಿ ಕರಿ ಇಲಿಯದು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಸಾವಿರಾರು ಜನ ಸತ್ತರು. ಆಗ ನೋಡಿ, ಸರ್ಕಾರಕ್ಕೆ ಎಚ್ಚರವಾಯಿತು! ಬಸವನಗುಡಿ, ಮಲ್ಲೇಶ್ವರಗಳ ಕೆಲಸ ಚುರುಕಾಯಿತು. ದಂಡು ಪ್ರದೇಶದಲ್ಲಿ, ಇಲಿ ಹೊಗದಂಥ ಮನೆ ಕಟ್ಟಬೇಕೆಂಬ ಲೆಕ್ಕಾಚಾರದಲ್ಲಿ, ಫ್ರೇಜರ್ ಟೌನೇ ಎದ್ದಿತು. ಜನ ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದರು. ಆಮೇಲೆ ಬಂದ ಯಾವ ಮಾಸ್ಟರ್ ಪ್ಲಾನಿಗೂ ಇಷ್ಟು ಭಯಭಕ್ತಿ ಸಿಕ್ಕಿಲ್ಲ.

ಆ ರೋಗಕ್ಕೆ ಒಂದು ಮರ್ಯಾದೆಯೂ ಇತ್ತು. ಅಟ್ಟದಿಂದ ಸತ್ತ ಇಲಿ ಬಿತ್ತೆಂದರೆ ಜನ ಪಾತ್ರೆ ಪಗಡ ಕಟ್ಟಿಕೊಂಡು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನೋಟಿಸು ಕೊಟ್ಟು ಬರುವ ರೋಗ.

ಈಗ ತಾವು ಹಿಡಿದಿರುವ ಲೆಪ್ಟೊಸ್ಪೈರೋಸಿಸ್, ಜನರ ಬಾಯಲ್ಲಿ ಇಲಿ ಜ್ವರ, ಹಾಗಲ್ಲ. ಆ ಸುರುಳಿ ಬ್ಯಾಕ್ಟೀರಿಯಾ ತಮ್ಮ ಮೂತ್ರಪಿಂಡದಲ್ಲಿ ಬಾಡಿಗೆ ಕೊಡದೆ ಕೂತಿರುತ್ತದೆ. ತಮಗೆ ಏನೂ ಆಗುವುದಿಲ್ಲ. ತಾವು ಉಚ್ಚೆ ಹೊಯ್ದ ನೀರಲ್ಲಿ, ಕೆಸರಲ್ಲಿ ವಾರಗಟ್ಟಲೆ ಬದುಕಿ, ಹಿಮ್ಮಡಿಯ ಒಡಕಿನಿಂದಲೋ ಕೈಯ ಗಾಯದಿಂದಲೋ ಮನುಷ್ಯನ ಮೈಗೆ ಇಳಿಯುತ್ತದೆ. ಸಾಮಾನ್ಯವಾಗಿ ಒಂದೆರಡು ವಾರ ಕಳೆದು ಜ್ವರ, ಕೆಂಪು ಕಣ್ಣು, ಮೀನಖಂಡ ಹಿಂಡುವ ನೋವು. ಮಳೆಗಾಲವಲ್ಲವೇ, ಡೆಂಗಿ ಇರಬೇಕೆಂದು ಪ್ಲೇಟ್‌ಲೆಟ್ ಎಣಿಸುತ್ತ ಕೂರುತ್ತೇವೆ. ಕೆಲವರಿಗೆ ಅಷ್ಟರಲ್ಲಿ ಕಣ್ಣು ಹಳದಿಯಾಗಿ ಕಿಡ್ನಿ ಕೈಕೊಟ್ಟಿರುತ್ತದೆ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಔಷಧಿಗೇ ಬಗ್ಗುವ ಕಾಯಿಲೆ!

ಇರಲಿ, ನಮ್ಮ ತಕರಾರು ಬೇರೆ. ತಾವು ಇದನ್ನು ಹಂಚುತ್ತಿರುವುದು ಯಾರಿಗೆ? ಬರಿಗಾಲಲ್ಲಿ ಮೋರಿಗಿಳಿದು ಹೂಳೆತ್ತುವವರಿಗೆ, ಕೈಗವಸಿಲ್ಲದೆ ಕಸ ಬೇರ್ಪಡಿಸುವವರಿಗೆ, ಮಾರ್ಕೆಟ್ಟಿನ ಕೊಚ್ಚೆಯಲ್ಲಿ ಮೂಟೆ ಹೊರುವ ಹಮಾಲರಿಗೆ. ಇಂಥವರು ಮಲಗಿದರೆ ಬಡಾವಣೆ ಏಳುತ್ತದೆಯೇ ಸ್ವಾಮಿ? ಒಂದು ಜೊತೆ ಗಂಬೂಟಿಗೂ ಟೆಂಡರು ಆಗುವುದಿಲ್ಲ. ನಮ್ಮ ಎಲೆಯಲ್ಲಿ ಸತ್ತು ಬಿದ್ದ ಹೆಗ್ಗಣ ನಮಗೆ ಕಾಣುವುದಿಲ್ಲವೆಂದು ಗಾದೆಯೇ ಇದೆ. ಈಗೀಗ ತಾವು ಜೀವಂತ ಓಡಾಡಿದರೂ ಕಾಣುವುದಿಲ್ಲ.

2022ರ ಸೆಪ್ಟೆಂಬರಿನಲ್ಲಿ ತಮಗೊಂದು ಸುವರ್ಣಾವಕಾಶವಿತ್ತು. ಯಮಲೂರಿನ ವಿಲ್ಲಾಗಳಿಗೆ ನೀರು ನುಗ್ಗಿ, ದುಬಾರಿ ಕಾರುಗಳು ಮುಳುಗಿ, ಸಾಫ್ಟ್‌ವೇರ್ ಸಾಹೇಬರು ಟ್ರ್ಯಾಕ್ಟರ್ ಹತ್ತಿ ಹೊರಟಿದ್ದರು. ಮೋರಿಯೇ ನಡುಮನೆಗೆ ಬಂದಿತ್ತು. ತಾವು ಕೈಚೆಲ್ಲಿದಿರಿ.

ಆದ್ದರಿಂದ ಮುಂದಿನ ಮಳೆಗಾಲದಲ್ಲಾದರೂ ಮೇಲ್ದರ್ಜೆಯ ಬೇಸ್‌ಮೆಂಟುಗಳ ಕಡೆ ಕೃಪೆ ಇಡಬೇಕಾಗಿ ಪ್ರಾರ್ಥನೆ. ಯಾರ ಪ್ರಾಣವೂ ಹೋಗಬೇಕಿಲ್ಲ. ಒಬ್ಬ ದೊಡ್ಡ ಮನುಷ್ಯರ ಮೀನಖಂಡ ಎರಡು ದಿನ ನೊಂದರೆ ಸಾಕು, ಇಡೀ ವಾರ್ಡಿನ ಮೋರಿಗೆ ಚಪ್ಪಡಿ ಬೀಳುತ್ತದೆ.

ಇದೇ ವಿಷಯವಾಗಿ ಕಚೇರಿಯೊಂದಕ್ಕೂ ಅರ್ಜಿ ಕೊಟ್ಟಿದ್ದೆವು. ಕಡತ ಸಿಗುತ್ತಿಲ್ಲ, ಇಲಿ ತಿಂದಿರಬೇಕು ಅಂದರು. ತಮ್ಮವರಲ್ಲಿ ಯಾರಾದರೂ ಅದನ್ನು ಪೂರ್ತಿ ನೋಡಿದ್ದರೆ ದಯವಿಟ್ಟು ಒಂದು ಸ್ವೀಕೃತಿ ಪತ್ರ ಕಳಿಸಿಕೊಡಿ. ಅಲ್ಲಿಂದ ಅದೂ ಬಂದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮೋರಿ ಪಕ್ಕದ ಮನೆಯವ