ಹೊರಗಿನ ಪ್ಲಗ್ಗಿನ ಅರ್ತಿಂಗ್: ಬಳಕೆದಾರರ ಕೈಪಿಡಿ, ಮೋರಟಗಿ ಆವೃತ್ತಿ

ದನದ ಕೊಟ್ಟಿಗೆಯ ಹೊರಗೋಡೆಗೆ ಪ್ಲಗ್ ಪಾಯಿಂಟ್ ಹಾಕಿಸಿಕೊಂಡ ಮಹನೀಯರಿಗೆ ಅಭಿನಂದನೆಗಳು. ಇನ್ನು ಮೇವು ಕತ್ತರಿಸುವ ಮಷಿನ್ನು, ನೀರೆತ್ತುವ ಸಣ್ಣ ಮೋಟರು, ಮದುವೆ ಹಂದರದ ಸೀರಿಯಲ್ ಸೆಟ್ಟು ಎಲ್ಲವೂ ಇದಕ್ಕೇ ಜೋತುಬೀಳುತ್ತವೆ. ಈ ಕೈಪಿಡಿಯನ್ನು ಜೋಪಾನವಾಗಿಡಿ, ರೊಟ್ಟಿ ಬುಟ್ಟಿಯ ಕೆಳಗೆ ಹಾಸಬೇಡಿ.

ಸಾಮಾನಿನ ಪಟ್ಟಿ: ಮೂರು ತೂತಿನ ಪ್ಲಗ್ಗು ಒಂದು. ಮೇಲಿನ ದೊಡ್ಡ ತೂತಿನಲ್ಲಿ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು ಒಂದು. ಆ ಮಣ್ಣನ್ನು ಅರ್ತಿಂಗ್ ಎಂದು ಲೆಕ್ಕ ಹಿಡಿಯತಕ್ಕದ್ದಲ್ಲ.

ಕೆಲಸ ಮಾಡುವ ರೀತಿ: ಮಷಿನ್ನಿನ ಮೈಗೆ ಫೇಸ್ ತಾಗಿತೆನ್ನಿ. ಆ ಕರೆಂಟು ಹಸಿರು ತಂತಿ ಹಿಡಿದು ಅರ್ತಿಂಗ್ ಪೈಪು ಹೂತ ನಿಮ್ಮ ಗುಂಡಿಗಿಳಿದು, ಊರಿನ ಮಣ್ಣೊಳಗೆ ಹಾದು, ಟಿಸಿ (ಟ್ರಾನ್ಸ್‌ಫಾರ್ಮರ್) ಬುಡದ ಅರ್ತಿಂಗ್ ಹತ್ತಿ ತವರಿಗೆ ಮರಳಬೇಕು. ಈ ಇಡೀ ಸುತ್ತಿನ ತಡೆಯನ್ನು ಲೂಪ್ ಮೀಟರು ಓಮ್ ಲೆಕ್ಕದಲ್ಲಿ ಹೇಳುತ್ತದೆ. ಮೀಟರು ಹಚ್ಚುವವರು ಲೈಸೆನ್ಸ್ ಇರುವ ವಾಯರಮನ್. ನಿಮ್ಮ ಕೆಲಸ ಪಕ್ಕದಲ್ಲಿ ನಿಂತು ಚಹಾ ಕೊಡುವುದು, ಮೀಟರಿನ ಅಂಕಿ ಬರೆದುಕೊಳ್ಳುವುದು.

ಮೀಟರಿನಲ್ಲಿ ಅಂಕಿಯೇ ಬಾರದಿದ್ದರೆ: ಹಸಿರು ತಂತಿಯನ್ನು ಎಳೆದೇ ಇಲ್ಲ. ಎರಡೆಳೆ ವಾಯರಿನಲ್ಲೇ ಕೆಲಸ ಮುಗಿಸಿದ್ದಾರೆ. ಮುಂದೆ ಓದುವ ಅಗತ್ಯವಿಲ್ಲ, ಮೊದಲು ತಂತಿ ತರಿಸಿ.

ಅಂಕಿ 46 ಬಂದರೆ: ಇಲ್ಲಿ ಸ್ವಲ್ಪ ಕುಳಿತುಕೊಳ್ಳಿ. ನಮ್ಮ ಕಡೆ ಅರ್ತಿಂಗ್ ಪರೀಕ್ಷೆ ಎಂದರೆ ಬಲ್ಬ್ ಪರೀಕ್ಷೆ. ಹೋಲ್ಡರಿನ ಒಂದು ತಂತಿ ಫೇಸಿಗೆ, ಇನ್ನೊಂದು ಅರ್ತಿಂಗಿಗೆ. ಬಲ್ಬು ಹತ್ತಿತು, ‘ಅರ್ತಿಂಗ್ ಬರೋಬ್ಬರಿ ಐತಿ’ ಎಂದು ತೀರ್ಪು. ಆದರೆ 100 ವ್ಯಾಟಿನ ಬಲ್ಬಿಗೆ ಅರ್ಧ ಆಂಪಿಯರ್ ಕೂಡ ಬೇಕಿಲ್ಲ. ಉರಿಯುವಾಗ ಅದರ ತಡೆಯೇ 529 ಓಮ್. ಅದರೆದುರು 46 ಯಾವ ಲೆಕ್ಕ? ಬಲ್ಬಿಗೆ ಸುಮಾರು 210 ವೋಲ್ಟ್ ಸಿಕ್ಕೇ ಸಿಗುತ್ತದೆ, ನಗುತ್ತಾ ಉರಿಯುತ್ತದೆ. ಈಗ ಮಷಿನ್ನಿನ ಮೈಗೆ ಫೇಸ್ ತಾಗಲಿ. 230ನ್ನು 46ರಿಂದ ಭಾಗಿಸಿ: ಹರಿಯುವುದು 5 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಮೇವಿನ ಮಷಿನ್ನಿನ ದಿನದ ದುಡಿಮೆಯಂತೆಯೇ ಕಾಣುತ್ತದೆ, ಬೀಳುವುದಿಲ್ಲ. 46ರಲ್ಲಿ 40 ಓಮ್ ನಿಮ್ಮ ಗುಂಡಿಯದೇ ಆಗಿದ್ದರೆ ಮಷಿನ್ನಿನ ಮೈಮೇಲೆ 200 ವೋಲ್ಟ್ ಕೂತಿರುತ್ತದೆ. ಬಲ್ಬ್ ಪರೀಕ್ಷೆ ಮಾಡಿ ಪಾಸ್ ಮಾಡಿದವರು ಅಷ್ಟರಲ್ಲಿ ಊಟಕ್ಕೆ ಹೋಗಿರುತ್ತಾರೆ.

ಅಂಕಿ ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ದುಪ್ಪಟ್ಟಾದರೆ: ಮೀಟರು ಕೆಟ್ಟಿಲ್ಲ, ನೆಲ ಬಾಯಿ ಬಿಟ್ಟಿದೆ. ಹಸಿಯಾದ ಎರಿ ಮಣ್ಣಿನಷ್ಟು ಒಳ್ಳೆಯ ಅರ್ತಿಂಗ್ ಮಣ್ಣು ಹುಡುಕಿದರೂ ಸಿಗುವುದು ಕಷ್ಟ. ಆದರೆ ಏಪ್ರಿಲ್ ಹೊತ್ತಿಗೆ ಅದು ಒಣಗಿ, ಕುಗ್ಗಿ, ಪೈಪನ್ನು ಕೈಬಿಟ್ಟು ನಿಲ್ಲುತ್ತದೆ. ಪೈಪಿನ ಸುತ್ತ ಬೆರಳು ತೂರುವಷ್ಟು ಸಂದು ಬಿದ್ದಿರುತ್ತದೆ. ನಮ್ಮ ಸಿಂದಗಿ, ಇಂಡಿ ಸೀಮೆಯಲ್ಲಿ ಎರಿಯ ಕೆಳಗಿರುವುದು ಗರಸು, ಅದರ ಕೆಳಗೆ ಕರಿಕಲ್ಲು. ಅರ್ತಿಂಗಿನ ಭಾರತೀಯ ಮಾನಕ ಐಎಸ್ 3043 ಪೈಪು ಎರಡೂವರೆ ಮೀಟರ್ ಇರಲಿ ಎನ್ನುತ್ತದೆ. ಕಲ್ಲು ತಾಗಿತೆಂದು ಪೈಪನ್ನೇ ಕತ್ತರಿಸುವುದು ನಮ್ಮ ಮಾನಕ. ಕತ್ತರಿಸುವ ಬದಲು ದೂರದೂರ ಎರಡು ಗುಂಡಿ ತೋಡಿ ಒಂದಕ್ಕೊಂದು ಜೋಡಿಸಿ. ಉಪ್ಪು ಇದ್ದಲು ಹಾಕಿದ್ದೇವೆ ಎಂದು ನಿಶ್ಚಿಂತರಾಗಬೇಡಿ: ಉಪ್ಪು ಮಳೆಗೆ ತೊಳೆದು ಹೋಗುತ್ತದೆ, ಹೋಗುವ ಮುನ್ನ ಕಬ್ಬಿಣವನ್ನೂ ತಿನ್ನುತ್ತದೆ. ಗುಂಡಿಗೆ ನೀರುಣಿಸಿದರೂ ಅಂಕಿ ಇಳಿಯದಿದ್ದರೆ ದೋಷ ಟಿಸಿ ಬುಡದಲ್ಲಿರಬಹುದು. ಅಲ್ಲಿಗೆ ಕೊಡ ಹೊತ್ತು ಹೋಗಬೇಡಿ, ಲೈನ್‌ಮನ್‌ಗೆ ತಿಳಿಸಿ.

ಅಂಕಿ 1 ಓಮಿಗಿಂತ ಕಡಿಮೆ ಬಂದರೆ: ಪೇಢೆ ಹಂಚಬೇಡಿ. ಒಂಟಿ ಪೈಪಿನ ಅರ್ತಿಂಗ್ ಅಷ್ಟು ಚೆಂದ ಬರುವುದಿಲ್ಲ. ಪ್ಲಗ್ಗಿನ ಮುಚ್ಚಳ ತೆಗೆಸಿದರೆ ಗೊತ್ತಾದೀತು: ಯಾರೋ ಜಾಣರು ಗೇಣುದ್ದ ತಂತಿಯಿಂದ ನ್ಯೂಟ್ರಲ್ಲನ್ನೂ ಅರ್ತಿಂಗನ್ನೂ ಅಲ್ಲೇ ಬೆಸೆದಿದ್ದಾರೆ. ಮುಂದೊಂದು ದಿನ ನ್ಯೂಟ್ರಲ್ ಕಡಿದರೆ ಮೋಟರಿನ ಮೈಮೇಲೆ 230 ವೋಲ್ಟ್‌ವರೆಗೂ ಏರಬಹುದು. ಹೀಗೆ ಬೆಸೆದಲ್ಲಿ, ಕರೆಂಟು ಸೋರಿದರೆ ಬೀಳುವ ಸ್ವಿಚ್ಚಾದ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ, ಪಾಪ, ಅದು ಹೇಳುವುದು ನಿಜವೇ. ಆದರೆ ‘ಇದರ ಕಾಟ ಸಾಕು’ ಎಂದು ಮನೆಯವರು ಅದನ್ನೇ ಬೈಪಾಸ್ ಮಾಡಿಸುತ್ತಾರೆ. ಬಿಡಿಸಬೇಕಾದದ್ದು ಆ ಗೇಣುದ್ದ ತಂತಿಯನ್ನು.

ಒಂದೊಂದು ಸಲ ಒಂದೊಂದು ಅಂಕಿ ಬಂದರೆ: ಗುಂಡಿಯ ಬಳಿಯ ಬೋಲ್ಟು ಸಡಿಲಾಗಿ ತುಕ್ಕು ಹಿಡಿದಿದೆಯೇ ನೋಡಿಸಿ. ಆರ್‌ಸಿಸಿಬಿ ಬೀಳದಂತೆ ಅಳೆಯುವಾಗ ಮೀಟರು ಬಿಡುವ ಕರೆಂಟು ತೀರಾ ಕಡಿಮೆ. ಹಾಗಾಗಿ ಅಂಕಿ ತುಸು ಓಲಾಡುವುದು ಸಹಜ.

ನಮ್ಮಂಥ ನೆಲದಲ್ಲಿ ಎಂಸಿಬಿ ಬೀಳುವಷ್ಟು ಕಡಿಮೆ ಓಮ್ ಪೈಪಿನಿಂದಲೇ ಸಾಧಿಸುತ್ತೇನೆಂಬುದು ಹಟ ಅಷ್ಟೇ. ಹೊರಗಿನ ಪ್ಲಗ್ಗಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. 46 ಓಮಿನಲ್ಲೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಅದರ ಮೇಲಿನ ‘ಟಿ’ ಬಟನ್ನನ್ನು ಆಗಾಗ ಒತ್ತಿ ನೋಡಿ. ಒತ್ತಿದಾಗ ಬಿದ್ದರೆ ಆರ್‌ಸಿಸಿಬಿ ಸರಿಯಿದೆ ಎಂದಷ್ಟೇ ಅರ್ಥ. ಅರ್ತಿಂಗ್ ಸರಿಯಿದೆಯೋ ಇಲ್ಲವೋ ಎಂಬುದನ್ನು ಆ ಬಟನ್ನು ಹೇಳುವುದಿಲ್ಲ. ಅದಕ್ಕೆ ಬೇಸಿಗೆಯಲ್ಲೊಮ್ಮೆ ಮೀಟರು ತರಿಸಿ.