ಅಗ್ಗವಿಮಾನ ಮೀಮಾಂಸೆ

ವಿಷಯ: ವಿಮಾನಯಾತ್ರಿಗೆ ಸಲ್ಲುವ ಉಪಚಾರವು ಅವನು ತೆತ್ತ ಹಣಕ್ಕೆ ತಕ್ಕಂತಿರಬೇಕೆ, ಅವನು ತನ್ನ ಬಗ್ಗೆ ಇಟ್ಟುಕೊಂಡ ಅಭಿಪ್ರಾಯಕ್ಕೆ ತಕ್ಕಂತಿರಬೇಕೆ ಎಂಬುದು ಇಲ್ಲಿ ವಿಚಾರ್ಯ. ನಡುರಾತ್ರಿ ನಾಲ್ಕು ಆ್ಯಪ್ ತೆರೆದು ನಲವತ್ತು ರೂಪಾಯಿ ಉಳಿಸಿದವನು ಈ ಶಾಸ್ತ್ರಕ್ಕೆ ಅಧಿಕಾರಿ. ಕೈಚೀಲದ ತೂಕ ಏಳು ಕೆ.ಜಿ. ಮೀರೀತೆಂದು ಸ್ವೆಟರ್ ಮೇಲೆ ಜಾಕೆಟ್ ತೊಟ್ಟು, ಜೇಬಿಗೆ ಚಾರ್ಜರ್ ತುರುಕಿ ಬೆವರುತ್ತ ನಿಂತವನು ಉತ್ತಮಾಧಿಕಾರಿ.

ಸಂಪ್ರದಾಯ: ಈ ದರ್ಶನವನ್ನು 1971ರಲ್ಲಿ ಟೆಕ್ಸಸ್‌ನ ಆಕಾಶದಲ್ಲಿ ಹಾರಿಸಿದ್ದು ಸೌತ್‌ವೆಸ್ಟ್ ಏರ್‌ಲೈನ್ಸ್. ಒಂದೇ ಜಾತಿಯ ವಿಮಾನ, ಇಳಿದ ಹತ್ತು ನಿಮಿಷಕ್ಕೆ ಮತ್ತೆ ಏರುವ ಹಟ. ಏಕೆಂದರೆ ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ. ಕರ್ನಾಟಕಕ್ಕೆ ಇದನ್ನು ಇಳಿಸಿದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಮುಂದೆ ಒಂದು ರೂಪಾಯಿಗೂ ಟಿಕೆಟ್ ಬಂತು. ತೆರಿಗೆ ಬೇರೆ, ಕುಡಿಯುವ ನೀರಿಗೂ ಕಾಸು. ಲಾಂಛನ, ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ಅರ್ಧ ಶತಮಾನ ಪತ್ರಿಕೆಯ ಮೂಲೆಯಲ್ಲಿ ನಿಂತೇ ಇದ್ದ ಆತನಿಗೆ ಕೊನೆಗೂ ಸೀಟು ಸಿಕ್ಕಿತು. ಸೀಟಿಗೆ ನಂಬರ್ ಮಾತ್ರ ಇರಲಿಲ್ಲ; ಓಡಿದವನದೇ ಕಿಟಕಿ.

ಪೂರ್ವಪಕ್ಷ: ‘ದರ ಕಡಿಮೆಯಾದರೇನು, ನಾವು ಮನುಷ್ಯರಲ್ಲವೇ? ಮೊಣಕಾಲು ಮಡಿಸಲು ಜಾಗವಿಲ್ಲ. ಉಪ್ಪಿಟ್ಟು ಕೇಳಿದರೆ ಒಣಪುಡಿಗೆ ಬಿಸಿನೀರು ಸುರಿಯುತ್ತಾರೆ. ವಿಮಾನ ತಡವಾದರೆ ಕೌಂಟರಿನಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಇದಕ್ಕಿಂತ ಕೆಂಪು ಬಸ್ಸೇ ವಾಸಿ’ ಎಂಬುದು ಪೂರ್ವಪಕ್ಷಿಯ ವಾದ. ಗಮನಿಸತಕ್ಕ ಅಂಶವೆಂದರೆ, ಈ ವಾದವನ್ನು ಅವನು ಮಂಡಿಸುವುದು ಯಾವಾಗಲೂ ಬೋರ್ಡಿಂಗ್ ಸಾಲಿನಲ್ಲಿ ನಿಂತೇ.

ಸಿದ್ಧಾಂತ: ವಾದ ನಿಲ್ಲದು. ಪ್ರಯಾಣಿಕ ಬೈಯುವುದು ವಿಮಾನದಲ್ಲಿ, ಕ್ಷಮಿಸುವುದು ಬುಕಿಂಗ್ ಪುಟದಲ್ಲಿ. ಅವನ ಸಿಟ್ಟಿನ ಆಯುಷ್ಯ ಮುಂದಿನ ಆಫರ್‌ವರೆಗೆ ಮಾತ್ರ. ದೃಷ್ಟಾಂತ: 2009ರಲ್ಲಿ ರಯಾನ್‌ಏರ್ ವಿಮಾನಸಂಸ್ಥೆಯ ಮುಖ್ಯಸ್ಥ ಮೈಕಲ್ ಓ'ಲಿಯರಿ ಶೌಚಾಲಯದ ಬಾಗಿಲಿಗೂ ನಾಣ್ಯದ ಕಿಂಡಿ ಇಡುವ ಮಾತಾಡಿದರು. ಜಗತ್ತು ಛೀಮಾರಿ ಹಾಕಿತು. ಕಿಂಡಿ ಬರಲಿಲ್ಲ, ಗಿರಾಕಿಗಳು ಬಂದರು. ರಯಾನ್‌ಏರ್ ಯುರೋಪಿನಲ್ಲೇ ಅತಿ ಹೆಚ್ಚು ಜನರನ್ನು ಹೊರುವ ಸಂಸ್ಥೆಯಾಯಿತು. ಪ್ರತಿದೃಷ್ಟಾಂತ: ಊಟ, ಉಪಚಾರ, ಸೀಟಿಗೊಂದು ಟಿವಿ ಕೊಟ್ಟ ಕಿಂಗ್‌ಫಿಶರ್, ಏರ್ ಡೆಕ್ಕನ್ನನ್ನೂ ನುಂಗಿ, 2012ರಲ್ಲಿ ಹಾರಾಟ ನಿಲ್ಲಿಸಿತು. ಸಾಲವೇ ಕಾರಣವೆಂದು ಲೌಕಿಕರು ಹೇಳುತ್ತಾರೆ. ಶಾಸ್ತ್ರಕ್ಕೆ ಲೆಕ್ಕಪತ್ರ ಪ್ರಮಾಣವಲ್ಲ.

ಆದ್ದರಿಂದ ಮರ್ಯಾದೆಯೆಂಬುದು ಊಟ, ಲಗೇಜ್, ಕಿಟಕಿಯ ಸೀಟಿನಂತೆ ಟಿಕೆಟ್ಟಿನಿಂದ ಬಿಡಿಸಿಟ್ಟ ಪದಾರ್ಥ. ಬೇಕೆಂದವರು ಟಿಕ್ ಹಾಕಬಹುದು. ಇದುವರೆಗೆ ಯಾರೂ ಹಾಕಿದಂತಿಲ್ಲ.

ಫಲಶ್ರುತಿ: ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಪಠಿಸಿದವರಿಗೆ ಕಾಲು ಚಾಚುವಷ್ಟು ಜಾಗ ಪ್ರಾಪ್ತವಾಗುತ್ತದೆ. ಫಲವನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವಂತಿಲ್ಲ. ಪಾರಾಯಣವನ್ನು ನಡುವೆ ನಿಲ್ಲಿಸಿದರೆ ಪುಣ್ಯ ವಾಪಸ್ ಇಲ್ಲ.